ನಿಮಗಿದು ಗೊತ್ತೇ? ಅರವತ್ತು ದಾಟಿದವರ ಕೋಲಾಟ

ವರ್ಷವಿಡೀ ವ್ಯಾಯಾಮ ಮಾಡಿಯೂ ತೂಕ ಇಳಿಯದಿದ್ದರೆ ಮಾಡಿದ್ದೆಲ್ಲ ದಂಡವೇ? ಅಮೆರಿಕದ ಸೇಂಟ್ ಲೂಯಿಸ್‌ನ ವೈದ್ಯರು 65 ದಾಟಿದ, ಬೊಜ್ಜಿನ ಮೈಯ 107 ಮಂದಿಯನ್ನು ನಾಲ್ಕು ಗುಂಪು ಮಾಡಿ ಒಂದು ವರ್ಷ ನೋಡಿದರು. ಒಂದು ಗುಂಪಿಗೆ ಊಟದಲ್ಲಿ ಕಡಿತ, ಇನ್ನೊಂದಕ್ಕೆ ವ್ಯಾಯಾಮ, ಮೂರನೆಯದಕ್ಕೆ ಎರಡೂ, ನಾಲ್ಕನೆಯದಕ್ಕೆ ಏನೂ ಇಲ್ಲ. ಬರೀ ವ್ಯಾಯಾಮ ಮಾಡಿದವರ ತೂಕ ಇಳಿಯಲೇ ಇಲ್ಲ. ಆದರೆ ಏಳುವುದು, ನಡೆಯುವುದು, ಮೆಟ್ಟಿಲು ಹತ್ತುವುದು, ಸಾಮಾನು ಎತ್ತಿಡುವುದು ಇವನ್ನೆಲ್ಲ ಅಳೆಯುವ ಪರೀಕ್ಷೆಯಲ್ಲಿ ಅವರ ಅಂಕ ಶೇ. 15ರಷ್ಟು ಏರಿತ್ತು. ಊಟವನ್ನಷ್ಟೇ ಕಡಿಮೆ ಮಾಡಿ ಶೇ. 10ರಷ್ಟು ತೂಕ ಕಳೆದುಕೊಂಡವರ ಅಂಕ ಏರಿದ್ದು ಶೇ. 12. ಎರಡನ್ನೂ ಮಾಡಿದವರದು ಶೇ. 21. ಈ ಲೆಕ್ಕ 2011ರಲ್ಲಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ನಲ್ಲಿ ಪ್ರಕಟವಾಯಿತು. ಈ ಅಂಕಣ ಓದಿ ಮುಗಿಸುವವರೆಗೆ ದಯವಿಟ್ಟು ತೂಕದ ಮಿಷನ್ನನ್ನು ಮಂಚದ ಕೆಳಗೆ ತಳ್ಳಿಡಿ.

ಅದೇ ಅಧ್ಯಯನದ ಇನ್ನೊಂದು ಮಾತು. ವ್ಯಾಯಾಮವಿಲ್ಲದೆ ಊಟ ಬಿಟ್ಟು ಇಳಿಸಿದ ತೂಕದಲ್ಲಿ ಕೊಬ್ಬಿನ ಜೊತೆ ಮಾಂಸಖಂಡವೂ ಹೋಗಿತ್ತು, ಸೊಂಟದ ಮೂಳೆಯೂ ಸವೆದಿತ್ತು. ಜೊತೆಗೆ ವ್ಯಾಯಾಮ ಮಾಡಿದವರಲ್ಲಿ ಈ ನಷ್ಟ ಕಡಿಮೆ. ಇಪ್ಪತ್ತೈದರ ಹುಡುಗ ಉಪವಾಸ ಬಿದ್ದು ಸಣ್ಣಗಾದರೆ ಮತ್ತೆ ಕಟ್ಟಿಕೊಳ್ಳುತ್ತಾನೆ. ಎಪ್ಪತ್ತರಲ್ಲಿ ತೊಡೆಯ ಮಾಂಸ ಹೋದರೆ ವಾಪಸ್ ತರುವುದು ಬಲು ಕಷ್ಟ. ಅಜ್ಜಿಗೆ ರಾತ್ರಿಯೂಟ ಬಿಡಿಸಿ ಸಣ್ಣ ಮಾಡಿಸಿದೆವೆಂದು ಹಿಗ್ಗುವ ಮಕ್ಕಳು ಇದನ್ನು ಎರಡು ಸಲ ಓದಬೇಕು.

ಅರ್ಧ ಗಂಟೆ ಕುಣಿದರೆ ಎಷ್ಟು ಕರಗುತ್ತದೆ? ಅರ್ಧ ಮುದ್ದೆ. ತಮಾಷೆಯಲ್ಲ, ಲೆಕ್ಕ ಹಾಕಿ. ದೇಹಶ್ರಮವನ್ನು ಅಳೆಯಲು ತಜ್ಞರು ‘ಮೆಟ್’ ಎಂಬ ಅಳತೆ ಬಳಸುತ್ತಾರೆ. ಸುಮ್ಮನೆ ಕೂತಿದ್ದರೆ 1 ಮೆಟ್. ಹೂಲಾ, ಸಾಲ್ಸಾ, ಫ್ಲಮೆಂಕೊದಂಥ ನಾಡಕುಣಿತಗಳಿಗೆ ಅವರ ಪಟ್ಟಿಯಲ್ಲಿ ಕೊಟ್ಟಿರುವುದು 4.5. ಕೋಲಾಟವನ್ನೂ ಅದೇ ಸಾಲಿಗೆ ಸೇರಿಸಿಕೊಂಡರೆ, 65 ಕೆ.ಜಿ. ತೂಕದ ಹೆಂಗಸು ಅರ್ಧ ಗಂಟೆ ಕುಣಿದಾಗ ಕೂತಿರುವುದಕ್ಕಿಂತ ಸುಮಾರು 115 ಕ್ಯಾಲೊರಿ ಹೆಚ್ಚು ಖರ್ಚಾಗುತ್ತದೆ. ನೂರು ಗ್ರಾಂ ರಾಗಿಹಿಟ್ಟಿನಲ್ಲಿರುವುದು ಸುಮಾರು 320 ಕ್ಯಾಲೊರಿ. 75 ಗ್ರಾಂ ಹಿಟ್ಟಿನ ಒಂದು ಮುದ್ದೆಗೆ 240. ಕುಣಿದು ಬಂದು ಸುಸ್ತಾಯ್ತೆಂದು ಒಂದೇ ಒಂದು ಕಜ್ಜಾಯ ಬಾಯಿಗೆ ಹಾಕಿಕೊಂಡರೆ ಗಳಿಸಿದ್ದು ಅಲ್ಲಿಗಲ್ಲಿಗೆ ಸರಿಹೋಯಿತು.

ಹಾಗಂತ ಕುಣಿತದಿಂದ ಬೊಜ್ಜಿಗೆ ಏನೂ ಆಗುವುದಿಲ್ಲ ಎಂದಲ್ಲ. ಅಧಿಕ ತೂಕದವರ ಮೇಲೆ ಕುಣಿತದ ಪರಿಣಾಮ ನೋಡಿದ 10 ಅಧ್ಯಯನಗಳನ್ನು, ಒಟ್ಟು 646 ಜನರ ವಿವರವನ್ನು ಚೀನಾದ ಸಂಶೋಧಕರು ಒಟ್ಟಿಗೆ ಇಟ್ಟು 2024ರಲ್ಲಿ ಪ್ರಕಟಿಸಿದರು. ತೂಕ, ಸೊಂಟದ ಸುತ್ತಳತೆ, ಕೊಬ್ಬಿನ ಪ್ರಮಾಣ ಎಲ್ಲವೂ ತಗ್ಗಿದ್ದವು. ತಗ್ಗುವುದು ನಿಧಾನ, ಅಷ್ಟೇ.

ಯಾರನ್ನು ದಪ್ಪ ಎನ್ನಬೇಕು? ತೂಕವನ್ನು ಎತ್ತರದ ವರ್ಗದಿಂದ ಭಾಗಿಸಿದಾಗ ಬರುವ ಬಿಎಂಐ ಯುರೋಪಿನವರಿಗೆ 25 ದಾಟಿದರೆ ಅಧಿಕ ತೂಕ. ನಮ್ಮವರಿಗೆ 23ಕ್ಕೇ ಗೆರೆ ಎಳೆದಿದ್ದಾರೆ. ಅಷ್ಟೇ ಬಿಎಂಐನಲ್ಲಿ ಭಾರತೀಯರ ಮೈಯಲ್ಲಿ, ಅದರಲ್ಲೂ ಹೊಟ್ಟೆಯೊಳಗೆ, ಕೊಬ್ಬು ಜಾಸ್ತಿ ಇರುತ್ತದೆ. ಸಕ್ಕರೆ ಕಾಯಿಲೆಯೂ ಬೇಗ ಹತ್ತುತ್ತದೆ. ಐದು ಅಡಿ ಎತ್ತರದವರಿಗೆ 23 ಅಂದರೆ ಸುಮಾರು 53 ಕೆ.ಜಿ., 25 ಅಂದರೆ 58. ಊರಿನ ಟೈಲರ್ ಹತ್ತಿರ ಟೇಪು ಇಸಕೊಂಡು ಹೊಟ್ಟೆಯ ಸುತ್ತ ಹಿಡಿಯುವುದು ಇನ್ನೂ ಸುಲಭ. ಹೆಂಗಸರಿಗೆ 80 ಸೆಂ.ಮೀ., ಅಂದರೆ ಮೂವತ್ತೊಂದೂವರೆ ಅಂಗುಲ. ಗಂಡಸರಿಗೆ 90, ಅಂದರೆ ಮೂವತ್ತೈದೂವರೆ. ಅದರ ಮೇಲೆ ಹೋದರೆ ಎಚ್ಚರ. ಉಸಿರು ಒಳಗೆಳೆದು ಅಳೆಸಿಕೊಳ್ಳುವವರು ಮೋಸ ಮಾಡುವುದು ತಮಗೇ.

ವಯಸ್ಸಾದಂತೆ ಬೆನ್ನುಹುರಿಯ ಸುತ್ತಲ ಮೂಳೆ, ಬಿಲ್ಲೆ ಕುಗ್ಗಿ ಎತ್ತರ ತಗ್ಗುತ್ತದೆ. ತೂಕ ಅಷ್ಟೇ ಇದ್ದರೂ ಬಿಎಂಐ ಏರುತ್ತದೆ. ಹರೆಯದಲ್ಲಿ ಅಳೆದಿದ್ದ ಎತ್ತರ ಈಗ ಇಲ್ಲ.

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನಲ್ಲಿ (2019–21) ಕರ್ನಾಟಕದ ಹೆಂಗಸರಲ್ಲಿ ಸುಮಾರು ಶೇ. 30 ಮಂದಿ ಅಧಿಕ ತೂಕದವರು. ಆದರೆ ಅಲ್ಲಿ ಎಣಿಸಿದ್ದು 49 ವರ್ಷದವರೆಗಿನವರನ್ನು ಮಾತ್ರ. ಅಜ್ಜ ಅಜ್ಜಿಯರ ಲೆಕ್ಕಕ್ಕೆ ‘ಲಾಸಿ’ ಎಂಬ ಬೇರೆ ರಾಷ್ಟ್ರೀಯ ಸಮೀಕ್ಷೆಯನ್ನೇ ನೋಡಬೇಕು. ಅದರ ಮೊದಲ ಸುತ್ತಿನಲ್ಲಿ ಅರವತ್ತು ದಾಟಿದ ಭಾರತೀಯರಲ್ಲಿ ನಾಲ್ವರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿ ತೂಕ ಸಾಲದವರು, ಐವರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿ ತೂಕ ಮೀರಿದವರು. ಒಂದೇ ಬೀದಿಯಲ್ಲಿ ಎರಡು ತರಹದ ಕಷ್ಟ.

ಚನ್ನರಾಯಪಟ್ಟಣ ತಾಲ್ಲೂಕಿನ ಬಾಗೂರು ಹೋಬಳಿ, ಹೊಳೆನರಸೀಪುರ, ಅರಕಲಗೂಡು ಕಡೆಯ ಎಪ್ಪತ್ತರ ಹೆಂಗಸರನ್ನು ಕೇಳಿ ನೋಡಿ. ಮದುವೆಯಾಗಿ ಬಂದ ಹೊಸತರಲ್ಲಿ ಬೆಳಗಿನ ಜಾವ ರಾಗಿ ಬೀಸಿ, ಬಾವಿಯಿಂದ ನೀರು ಸೇದಿ, ಒರಳಲ್ಲಿ ಖಾರ ರುಬ್ಬಿ, ಸುಗ್ಗಿಯಲ್ಲಿ ಕಣಕ್ಕೆ ಇಳಿದವರು ಅವರು. ಬೀಸುವಾಗ ಪದ, ಕುಟ್ಟುವಾಗ ಪದ, ನಾಟಿ ಹಾಕುವಾಗ ಪದ. ಈಗ ಹಿಟ್ಟಿನ ಗಿರಣಿ, ಮಿಕ್ಸಿ, ನಲ್ಲಿ, ಒಕ್ಕಣೆ ಮಿಷನ್. ಕೆಲಸ ಹೋಯಿತು, ಒಳ್ಳೆಯದೇ ಆಯಿತು. ಆ ಗೇಯ್ಮೆ ಮತ್ತೆ ಬರಲಿ ಎಂದು ಹಾರೈಸುವವರು ಒಂದು ಸೇರು ರಾಗಿ ಬೀಸಿ ಆಮೇಲೆ ಮಾತಾಡಲಿ. ಮುದ್ದೆಯ ಗಾತ್ರ, ಸಾರಿನ ಮೇಲಿನ ತೆಂಗಿನಕಾಯಿ ಮಾತ್ರ ಹಾಗೇ ಉಳಿಯಿತು. ಕೆಲಸದ ಜೊತೆಗೆ ಹಾಡೂ ಹೋಯಿತು. ಹಾಡು ಮತ್ತು ಮೈ ಒಟ್ಟಿಗೆ ಕೆಲಸ ಮಾಡುವ ಜಾಗ ಇನ್ನೂ ಉಳಿದಿರುವುದು ಹಬ್ಬದ ಕುಣಿತದಲ್ಲಿ.

ವಾರಕ್ಕೆ ಎಷ್ಟು ಹೊತ್ತು? ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ ಹೇಳುವುದು 150ರಿಂದ 300 ನಿಮಿಷ, ಮಧ್ಯಮ ಶ್ರಮ. ಗಂಟೆಗೆ 4 ಕಿ.ಮೀ.ನಂತೆ ನಡೆದರೆ 150 ನಿಮಿಷಕ್ಕೆ 10 ಕಿ.ಮೀ. ಹೇಮಾವತಿಯ ನೀರನ್ನು ತುಮಕೂರು ಸೀಮೆಗೆ ದಾಟಿಸುವ ಬಾಗೂರು–ನವಿಲೆ ಸುರಂಗದ ಉದ್ದವೂ ಹತ್ತಿರ ಹತ್ತಿರ ಅಷ್ಟೇ. ವಾರಕ್ಕೊಂದು ಸಲ ನೆಲದ ಮೇಲೆ ಸುರಂಗದಷ್ಟು ದೂರ ನಡೆದರೆ ಕನಿಷ್ಠ ಪಾಲು ಮುಗಿಯಿತು. ಬೇಡವೆಂದರೆ ವಾರದಲ್ಲಿ ಐದು ಸಂಜೆ ಅರ್ಧರ್ಧ ಗಂಟೆ ಕೋಲು ಹಿಡಿಯಿರಿ.

65 ದಾಟಿದವರಿಗೆ ಅದೇ ಮಾರ್ಗಸೂಚಿಯಲ್ಲಿ ಇನ್ನೊಂದು ಸಾಲಿದೆ, ಅದನ್ನು ಯಾರೂ ಓದುವುದಿಲ್ಲ. ವಾರಕ್ಕೆ ಮೂರು ದಿನವಾದರೂ ಸಮತೋಲನ ಮತ್ತು ಬಲ ಎರಡನ್ನೂ ಪಳಗಿಸುವ ಚಟುವಟಿಕೆ ಬೇಕು. ಪಾರ್ಕಿನ ನಡಿಗೆಗೆ ಇಲ್ಲಿ ಪೂರ್ತಿ ಅಂಕ ಸಿಗುವುದಿಲ್ಲ. ನಡಿಗೆಯಲ್ಲಿ ಕಾಲು ಮುಂದಕ್ಕೆ ಮಾತ್ರ ಹೋಗುತ್ತದೆ. ಬಚ್ಚಲಲ್ಲಿ ಜಾರುವಾಗ ಮೈ ವಾಲುವುದು ಪಕ್ಕಕ್ಕೆ, ಹಿಂದಕ್ಕೆ. ಸೊಂಟದ ಮೂಳೆ ಮುರಿಯುವುದು ಹೆಚ್ಚಾಗಿ ಪಕ್ಕಕ್ಕೆ ಬಿದ್ದಾಗಲೇ.

ಈಗ ಕೋಲಾಟದ ಒಂದು ಸುತ್ತನ್ನು ನಿಧಾನವಾಗಿ ನೋಡಿ. ಬಲಗಾಲು ಪಕ್ಕಕ್ಕೆ ಹೋಯಿತು, ಮೈಭಾರ ಅದರ ಮೇಲೆ ಬಿತ್ತು. ಎಡಗಾಲು ಬಂದು ಸೇರಿತು. ತನ್ನ ಎರಡು ಕೋಲು ತಾನೇ ಹೊಡೆದುಕೊಂಡು, ಅರ್ಧ ತಿರುಗಿ, ಎದುರಿನವರ ಕೋಲಿಗೆ ಒಂದು ಪೆಟ್ಟು. ಹಿಂದಕ್ಕೊಂದು ಹೆಜ್ಜೆ. ಮುಂದಿನ ಜೊತೆಗಾರರ ಕಡೆಗೆ ದಾಟು. ಒಂದು ಕಾಲಿನಿಂದ ಇನ್ನೊಂದಕ್ಕೆ ಭಾರ ಬದಲಿಸುವುದು, ಸೊಂಟ ತಿರುಗಿಸುವುದು, ಕಣ್ಣು ಒಂದು ಕಡೆ ಕಾಲು ಇನ್ನೊಂದು ಕಡೆ ಇರುವಾಗಲೂ ಬೀಳದೆ ನಿಲ್ಲುವುದು: ಫಿಸಿಯೊಥೆರಪಿಯವರು ಬೇರೆ ಬೇರೆಯಾಗಿ ಹೇಳಿಕೊಡುವ ಪಾಠಗಳೆಲ್ಲ ಇಲ್ಲಿ ಒಂದೇ ಪಟ್ಟಿನಲ್ಲಿ ಬಂದುಹೋಗುತ್ತವೆ. ಪದ ಶುರುವಾಗುವುದು ನಿಧಾನವಾಗಿ, ಆಮೇಲೆ ಏರುತ್ತದೆ. ಮೈ ಬಿಸಿ ಮಾಡಿಕೊಳ್ಳಿ ಎಂದು ಯಾರೂ ಹೇಳಬೇಕಾಗಿಲ್ಲ, ಹಾಡೇ ಆ ಕೆಲಸ ಮಾಡುತ್ತದೆ.

ಜಡೆ ಕೋಲಾಟ ಇನ್ನೂ ಒಂದು ಕೈ ಮೇಲೆ. ಮೇಲಿನಿಂದ ಇಳಿಬಿಟ್ಟ ಬಣ್ಣದ ಹಗ್ಗಗಳು, ಒಬ್ಬೊಬ್ಬರ ಕೈಯಲ್ಲಿ ಒಂದೊಂದು. ಒಬ್ಬರ ಒಳಗಿಂದ ನುಸುಳಿ, ಮುಂದಿನವರ ಹೊರಗಿಂದ ಹಾದು ಕುಣಿಯುತ್ತ ಹೋದಂತೆ ನೆತ್ತಿಯ ಮೇಲೆ ಜಡೆ ಹೆಣೆದುಕೊಳ್ಳುತ್ತದೆ. ಆಮೇಲೆ ಇರುವುದು ನಿಜವಾದ ಪರೀಕ್ಷೆ. ಬಂದ ದಾರಿಯನ್ನೇ ತಿರುವುಮುರುವು ಮಾಡಿ ಜಡೆ ಬಿಚ್ಚಬೇಕು. ಒಬ್ಬರು ಒಂದು ಸಲ ಒಳಗೆ ಹೋಗುವ ಬದಲು ಹೊರಗೆ ಹೋದರೋ, ಹಗ್ಗ ಗಂಟು ಬಿದ್ದು ಇಡೀ ಮೇಳ ನಿಂತುಹೋಗುತ್ತದೆ, ನೋಡುವವರೆಲ್ಲ ನಗುತ್ತಾರೆ. ಜ್ಞಾಪಕಶಕ್ತಿಗೆ ಇದಕ್ಕಿಂತ ಕಟ್ಟುನಿಟ್ಟಿನ ಪರೀಕ್ಷಕ ಇಲ್ಲ.

ಮೆದುಳಿಗೆ ಕುಣಿತ ಏನು ಮಾಡುತ್ತದೆ ಎಂದು ಜರ್ಮನಿಯ ಮಾಗ್ಡೆಬರ್ಗ್‌ನಲ್ಲಿ ಸ್ಕ್ಯಾನ್ ಮಾಡಿ ನೋಡಿದರು. ಅರವತ್ತು ದಾಟಿದ ಒಂದು ತಂಡಕ್ಕೆ 18 ತಿಂಗಳು ಕುಣಿತ, ಇನ್ನೊಂದಕ್ಕೆ ಅಷ್ಟೇ ಹೊತ್ತು ಸೈಕಲ್ಲು, ನಡಿಗೆ, ಬಲದ ವ್ಯಾಯಾಮ. ಕುಣಿಯುವವರಿಗೆ ಹೆಜ್ಜೆಗಳನ್ನು ಆಗಾಗ ಬದಲಿಸಿ ಹೊಸದು ಕಲಿಸುತ್ತಿದ್ದರು. ನೆನಪಿಗೆ ಬೇಕಾದ ಹಿಪೊಕ್ಯಾಂಪಸ್ ಭಾಗ ಎರಡೂ ತಂಡಗಳಲ್ಲಿ ಬೆಳೆದಿತ್ತು. ಸಮತೋಲನ ಸುಧಾರಿಸಿದ್ದು ಕುಣಿದವರಲ್ಲಿ ಮಾತ್ರ. 2017ರಲ್ಲಿ ಬಂದ ಈ ಫಲಿತಾಂಶ ಮೂವತ್ತು ಜನರೂ ಇಲ್ಲದ ಸಣ್ಣ ಪ್ರಯೋಗದ್ದು, ಅದನ್ನು ಮರೆಯಬಾರದು. ಆದರೂ ಒಂದು ಉಪಾಯ ಹೊಳೆಯುತ್ತದೆ: ವರ್ಷಾನುಗಟ್ಟಲೆ ಅದೇ ನಾಲ್ಕು ಪಟ್ಟು ಹಾಕುವ ಮೇಳದವರು ತಿಂಗಳಿಗೊಂದು ಹೊಸದು ಕಲಿಯಲಿ.

2003ರಲ್ಲಿ ನ್ಯೂಯಾರ್ಕಿನ ಬ್ರಾಂಕ್ಸ್‌ನಿಂದ ಬಂದ ವರದಿಯಂತೂ ಇನ್ನೂ ಪ್ರಸಿದ್ಧ. 75 ದಾಟಿದ 469 ಜನರನ್ನು ವರ್ಷಗಟ್ಟಲೆ ಗಮನಿಸಿ, ಮರೆಗುಳಿತನಕ್ಕೂ ಹವ್ಯಾಸಕ್ಕೂ ನಂಟಿದೆಯೇ ಎಂದು ಹುಡುಕಿದರು. ಓದು, ಚದುರಂಗದಂಥ ಆಟ, ವಾದ್ಯ ನುಡಿಸುವುದು ಇರುವವರಲ್ಲಿ ಮರೆವಿನ ಕಾಯಿಲೆ ಕಡಿಮೆ. ಮೈ ದಂಡಿಸುವ ಹವ್ಯಾಸಗಳಲ್ಲಿ ಆ ಪಟ್ಟಿಗೆ ಸೇರಿದ್ದು ಕುಣಿತ ಒಂದೇ. ಕುಣಿದಿದ್ದರಿಂದ ಮೆದುಳು ಚುರುಕಾಗಿತ್ತೋ, ಮೆದುಳು ಚುರುಕಾಗಿದ್ದವರೇ ಕುಣಿಯುತ್ತಿದ್ದರೋ ಎಂಬುದನ್ನು ಇಂಥ ಅಧ್ಯಯನ ತೀರ್ಮಾನಿಸಲಾರದು.

ಮಾತಾಡಿಸಿದರೆ ನಡಿಗೆ ನಿಲ್ಲಿಸುವ ಹಿರಿಯರನ್ನು ಗಮನಿಸಿದ್ದೀರಾ? ಸ್ವೀಡನ್ನಿನ ಸಂಶೋಧಕರು 1997ರಲ್ಲಿ ಇದನ್ನೇ ಒಂದು ಪರೀಕ್ಷೆ ಮಾಡಿದರು. ವೃದ್ಧರ ನಿವಾಸದ 58 ಜನರ ಜೊತೆ ನಡೆಯುತ್ತ ಮಾತಿಗೆಳೆದರು. 12 ಜನ ಉತ್ತರ ಕೊಡಲು ನಿಂತುಬಿಟ್ಟರು. ಮುಂದಿನ ಆರು ತಿಂಗಳಲ್ಲಿ ಆ ಹನ್ನೆರಡರಲ್ಲಿ 10 ಮಂದಿ ಬಿದ್ದರು. ನಡಿಗೆಗೇ ಪೂರ್ತಿ ಗಮನ ಬೇಕಾದವರಿಗೆ ಎರಡನೇ ಕೆಲಸ ಬಂದರೆ ಕಾಲು ತಪ್ಪುತ್ತದೆ. ಕೋಲಾಟದಲ್ಲಿ ಹೆಜ್ಜೆ, ಕೋಲು, ಸೊಲ್ಲು, ಎದುರಿನವರು ನಾಲ್ಕೂ ಒಟ್ಟಿಗೇ. ಹಾಡಿಗೆ ಸ್ಪೀಕರ್ ಇಟ್ಟು ಬಾಯಿ ಮುಚ್ಚಿಕೊಂಡು ಕುಣಿಯುವ ಈಗಿನ ರೂಢಿಯಲ್ಲಿ ಅರ್ಧ ಲಾಭ ಹಾಳಾಗುತ್ತದೆ ಎಂಬುದು ನನ್ನ ತಕರಾರು.

“ಏನಕ್ಕ, ಮಂಡಿ ನೋವು ಅಂತಿದ್ದೆ, ಈಗ ಕೋಲು ಹಿಡ್ಕಂಡು ಹೊಂಟಿದ್ದೀಯಲ್ಲ?” ಎಂದು ಕೇಳುವವರು ಪ್ರತಿ ಊರಲ್ಲೂ ಇರುತ್ತಾರೆ. ಅವರಿಗೆ ಉತ್ತರ: ಸವೆದ ಮಂಡಿಗೆ ಪೂರ್ತಿ ವಿಶ್ರಾಂತಿ ಔಷಧಿಯಲ್ಲ. ತೊಡೆಯ ಮುಂಭಾಗದ ಸ್ನಾಯು ಬಲವಾದಷ್ಟೂ ಮಂಡಿಗೆ ಆಸರೆ. ಭಾರತದ ಐದು ನಗರಗಳಲ್ಲಿ, ಅವುಗಳ ಸುತ್ತಲ ಊರುಗಳಲ್ಲಿ ನಡೆಸಿ 2016ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ ನಲವತ್ತು ದಾಟಿದವರ ಪೈಕಿ ಶೇ. 28.7 ಮಂದಿಗೆ ಮಂಡಿ ಸವೆತ ಇತ್ತು. ಬೆಂಗಳೂರೂ ಆ ಐದರಲ್ಲಿ ಒಂದು.

ಒಂದು ಕೆ.ಜಿ. ತೂಕ ಇಳಿದರೆ ಪ್ರತಿ ಹೆಜ್ಜೆಗೆ ಮಂಡಿಯ ಮೇಲಿನ ಭಾರ ನಾಲ್ಕು ಕೆ.ಜಿ.ಯಷ್ಟು ತಗ್ಗುತ್ತದೆ. ಮಂಡಿ ಸವೆದ, ಅಧಿಕ ತೂಕದ ಹಿರಿಯರ ನಡಿಗೆಯನ್ನೇ ಅಳೆದು 2005ರಲ್ಲಿ ಅಮೆರಿಕದಲ್ಲಿ ಕಂಡುಕೊಂಡ ಲೆಕ್ಕವಿದು. ಇಳಿದದ್ದು ಬರೀ ಎರಡು ಕೆ.ಜಿ. ಎಂದು ಗೊಣಗುವವರು ನಾಲ್ಕರಿಂದ ಗುಣಿಸಿಕೊಳ್ಳಲಿ.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಗಾದೆ ಅವಳನ್ನು ಹಾಸ್ಯ ಮಾಡುತ್ತದೆ. ಅರವತ್ತರ ಮೇಲೆ ಅವಳ ಮಾತನ್ನು ನಂಬಿ. ಚಪ್ಪಡಿ ಎದ್ದ ದೇವಸ್ಥಾನದ ಅಂಗಳ, ನೀರು ಚೆಲ್ಲಿದ ಗ್ರಾನೈಟು, ಬರಿ ಸಿಮೆಂಟು ಮೂರೂ ಒಳ್ಳೆಯವಲ್ಲ. ಗಟ್ಟಿಸಿದ ಮಣ್ಣಿನ ನೆಲ, ಸಮತಟ್ಟಾಗಿದ್ದರೆ, ಕಾಲಿಗೆ ಹಿತ. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಮಂದವಾದವರು ಬರಿಗಾಲಲ್ಲಿ ಕುಣಿಯಲೇಬಾರದು. ಮುಳ್ಳು ಚುಚ್ಚಿದ್ದು ಮೂರು ದಿನ ಆದಮೇಲೆ ಕೀವಾದಾಗ ಗೊತ್ತಾಗುತ್ತದೆ. ಹಿಂಬದಿ ಪಟ್ಟಿ ಇರುವ ಚಪ್ಪಲಿ ಅಥವಾ ಕ್ಯಾನ್ವಾಸ್ ಶೂ ಇರಲಿ. ಹವಾಯಿ ಚಪ್ಪಲಿ ತಿರುಗುವಾಗ ಕಾಲಿಂದ ಕಳಚಿ ಹೋಗುತ್ತದೆ.

ಸೀರೆಯವರಿಗೆ: ನಿರಿಗೆಯನ್ನು ಹಿಮ್ಮಡಿಗಿಂತ ಒಂದು ಗೇಣು ಮೇಲೆತ್ತಿ ಸಿಕ್ಕಿಸಿ, ಸೆರಗು ಸೊಂಟಕ್ಕೆ ಬಿಗಿಯಿರಿ. ಮೆರವಣಿಗೆಯ ಯೂನಿಫಾರ್ಮ್ ಸೀರೆ ಫೋಟೋಕ್ಕೆ ಚೆಂದ. ಆದರೆ ಹಿಂದಕ್ಕೆ ಇಟ್ಟ ಹೆಜ್ಜೆ ಅಂಚಿನ ಮೇಲೆ ಬಿದ್ದರೆ ನಡೆಯುವುದು ಬೇರೆ.

ಸಕ್ಕರೆ ಕಾಯಿಲೆಯವರಲ್ಲಿ ಭುಜ ಬಿಗಿದುಕೊಳ್ಳುವ ತೊಂದರೆ ಉಳಿದವರಿಗಿಂತ ಹೆಚ್ಚು. ಅಂಥವರು ಕೋಲನ್ನು ಎದೆಯ ಮಟ್ಟದಲ್ಲೇ ಹೊಡೆಯಲಿ. ತಲೆಯ ಮೇಲೆ ಹೊಡೆಯುವ ಪಟ್ಟು ಮೊಮ್ಮಕ್ಕಳಿಗೆ ಬಿಡಿ.

ಎಲ್ಲ ಕುಣಿತವೂ ಎಲ್ಲರಿಗೂ ಅಲ್ಲ. ವೀರಗಾಸೆಯ ರಭಸ, ನೆಗೆತ ತರುಣರಿಗೆ. ಸೋಮನ ಕುಣಿತದಲ್ಲಿ ಭಾರದ ಮುಖವಾಡ ಮತ್ತು ಅದರ ಅಲಂಕಾರ ಹೊತ್ತು ಕುಣಿಯಬೇಕು. ಮಂಡಿ, ಕುತ್ತಿಗೆ ಸವೆದವರಿಗೆ ಅದು ಬೇಡ. ಹಾಸನ, ಮಂಡ್ಯ, ತುಮಕೂರು ಸೀಮೆಯ ರಂಗದ ಕುಣಿತ, ಸಕಲೇಶಪುರ ಕಡೆಯ ಸುಗ್ಗಿ ಕುಣಿತ ಸುತ್ತು ಹಾಕುವ ಕುಣಿತಗಳು. ತಮಟೆ ಏರುವವರೆಗೆ ಹೊರವಲಯದಲ್ಲಿ ಹಿರಿಯರಿಗೂ ಜಾಗ ಇದೆ. ಭರತನಾಟ್ಯದ ಅರೆಮಂಡಿ ಹೆಸರೇ ಹೇಳುವಂತೆ ಮಂಡಿಯನ್ನೇ ಕೇಳುತ್ತದೆ, ಹೊಸದಾಗಿ ಶುರು ಮಾಡುವವರಿಗೆ ಅರವತ್ತು ಒಳ್ಳೆಯ ವಯಸ್ಸಲ್ಲ.

ಮಂಡಿಯ ಮಾತು ಬಂತೆಂದು ಇನ್ನೊಂದು: ಶ್ರವಣಬೆಳಗೊಳದ ವಿಂಧ್ಯಗಿರಿಗೆ ಆರುನೂರಕ್ಕೂ ಹೆಚ್ಚು ಮೆಟ್ಟಿಲು. ಹತ್ತುವಾಗ ಏದುಸಿರು ಬರುತ್ತದೆ, ಮಂಡಿಗೆ ಹೆಚ್ಚು ಪೆಟ್ಟು ಬೀಳುವುದು ಇಳಿಯುವಾಗ.

ಹಾಸನ ಜಿಲ್ಲೆಯಲ್ಲಿ ಹೃದಯದ ಮಾತೆತ್ತಿದರೆ ಜನ 2025ರ ಮೇ, ಜೂನ್ ನೆನೆಯುತ್ತಾರೆ. ಸಾಲು ಸಾಲು ಹಠಾತ್ ಸಾವಿನ ಸುದ್ದಿ ಬಂದು ಹೆದರಿದ ಜನ ಮೈಸೂರಿನ ಜಯದೇವ ಆಸ್ಪತ್ರೆ ಮುಂದೆ ಸಾಲುಗಟ್ಟಿದರು. ಸರ್ಕಾರ ಜಯದೇವ ಸಂಸ್ಥೆಯ ಆಗಿನ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ನೇತೃತ್ವದಲ್ಲಿ ಸಮಿತಿ ನೇಮಿಸಿತು. ಪರಿಶೀಲಿಸಿದ 24 ಸಾವುಗಳಲ್ಲಿ 20 ಹೃದಯಕ್ಕೆ ಸಂಬಂಧಿಸಿದವು. ಹೆಚ್ಚಿನವರಿಗೆ ಬಿಪಿ, ಸಕ್ಕರೆ, ಧೂಮಪಾನ, ಕುಡಿತ, ಬೊಜ್ಜಿನಂಥ ಹಳೆಯ ಕಾರಣಗಳಲ್ಲಿ ಒಂದಲ್ಲ ಒಂದು ಇತ್ತು. ಆಗ ವ್ಯಾಯಾಮಕ್ಕೇ ಹೆದರಿ ವಾಕಿಂಗ್ ಬಿಟ್ಟವರೂ ಉಂಟು. ಅದು ತಿರುಗುಮುರುಗು ಬುದ್ಧಿ.

ಬ್ರಿಟನ್ನಿನ 11 ಸಮೀಕ್ಷೆಗಳ, ನಲವತ್ತು ದಾಟಿದ 48,390 ಜನರ ಮಾಹಿತಿ ಒಟ್ಟುಗೂಡಿಸಿ 2016ರಲ್ಲಿ ನೋಡಿದಾಗ, ಸ್ವಲ್ಪ ಏದುಸಿರು ಬರುವಷ್ಟು ಕುಣಿಯುತ್ತಿದ್ದವರು ಹೃದಯ, ರಕ್ತನಾಳದ ಕಾಯಿಲೆಯಿಂದ ಸಾಯುವ ಸಂಭವ ಕುಣಿಯದವರಿಗಿಂತ ಶೇ. 46ರಷ್ಟು ಕಡಿಮೆ. ಬೆವರೇ ಬಾರದ ಕುಣಿತಕ್ಕೆ ಅಂಥ ನಂಟು ಕಾಣಲಿಲ್ಲ. ಸೆಲ್ಫಿಗೆ ಎರಡು ಹೆಜ್ಜೆ ಹಾಕಿದ್ದು ಲೆಕ್ಕಕ್ಕಿಲ್ಲ.

ಎಷ್ಟು ಏದುಸಿರು ಸಾಕು? ಮಾತಾಡಲು ಆಗಬೇಕು, ಹಾಡಲು ಕಷ್ಟವಾಗಬೇಕು. ಇದು ವೈದ್ಯರೇ ಒಪ್ಪಿದ ಅಳತೆ. ಹಾಡುತ್ತಲೇ ಕುಣಿಯುವ ಕೋಲಾಟದವರು ಸೊಲ್ಲಿನ ಕೊನೆ ನುಂಗಿಹೋಗುತ್ತಿದೆಯೇ ಎಂದು ನೋಡಿಕೊಳ್ಳಲಿ. ನುಂಗಿದರೆ ಮಧ್ಯಮ ಶ್ರಮ. ಒಂದು ಪದವೂ ಬಾಯಿಂದ ಹೊರಡದಿದ್ದರೆ ಅತಿಯಾಯಿತು, ಸುತ್ತಿನಿಂದ ಹೊರಬನ್ನಿ.

220ರಿಂದ ವಯಸ್ಸು ಕಳೆದು ನಾಡಿಬಡಿತದ ಗರಿಷ್ಠ ಮಿತಿ ಹೇಳುವ ಸೂತ್ರ ಎಲ್ಲ ಜಿಮ್ಮಿನ ಗೋಡೆ ಮೇಲೂ ಇದೆ. 65ಕ್ಕೆ ಅದು 155. 2001ರಲ್ಲಿ ಬಂದ ಇನ್ನೊಂದು ಸೂತ್ರದಲ್ಲಿ ವಯಸ್ಸಿನ ಹತ್ತರಲ್ಲಿ ಏಳು ಪಾಲನ್ನು 208ರಿಂದ ಕಳೆಯಬೇಕು. ಆಗ 65ಕ್ಕೆ ಸುಮಾರು 162. ಬಿಪಿಗೆ, ಹೃದಯಕ್ಕೆ ಅಟೆನೊಲಾಲ್, ಮೆಟೊಪ್ರೊಲಾಲ್‌ನಂಥ ಮಾತ್ರೆ ನುಂಗುವವರಿಗೆ ಎರಡೂ ಸೂತ್ರ ಸಲ್ಲವು. ಆ ಮಾತ್ರೆಗಳೇ ಬಡಿತವನ್ನು ಹಿಡಿದಿಡುತ್ತವೆ.

ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂಥ ಮಾತ್ರೆ ತೆಗೆದುಕೊಳ್ಳುವವರು ಮಡಿಲಲ್ಲಿ ಸಕ್ಕರೆಯನ್ನೋ ಗ್ಲೂಕೋಸ್ ಪುಡಿಯನ್ನೋ ಕಟ್ಟಿಕೊಂಡೇ ಕುಣಿಯಲು ಹೋಗಬೇಕು. ಕೈ ನಡುಕ, ತಣ್ಣನೆ ಬೆವರು ಬಂದರೆ ಕುಣಿತದ ಸುಸ್ತು ಎಂದು ಸುಮ್ಮನಾಗಬೇಡಿ.

ಎದೆ ಹಿಂಡಿದಂತೆ ನೋವು, ದವಡೆಗೆ ಎಡತೋಳಿಗೆ ಎಳೆತ, ಕಣ್ಣು ಕತ್ತಲೆ: ಗ್ಯಾಸ್ಟ್ರಿಕ್ ಎಂದು ಸೋಡಾ ಕುಡಿಯಬೇಡಿ, 108ಕ್ಕೆ ಕರೆ ಮಾಡಿ. ಪುನೀತ್ ರಾಜ್‌ಕುಮಾರ್ ಅವರ ಹೆಸರಿನ ಹೃದಯಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಗಳಲ್ಲೇ ಇಸಿಜಿ ತೆಗೆದು, ದೊಡ್ಡ ಆಸ್ಪತ್ರೆಯ ಹೃದಯ ವೈದ್ಯರಿಗೆ ಕಳಿಸಿ, ಹೆಪ್ಪು ಕರಗಿಸುವ ದುಬಾರಿ ಚುಚ್ಚುಮದ್ದನ್ನು ಉಚಿತವಾಗಿ ಕೊಡುತ್ತಾರೆ. ಹೆಪ್ಪು ಕಟ್ಟಿದ ಮೊದಲ ಗಂಟೆಗಳಲ್ಲೇ ಅದು ಬೀಳಬೇಕು.

ಒಟ್ಟಿಗೆ ಒಂದೇ ತಾಳಕ್ಕೆ ಕುಣಿದವರು ಬಿಡಿಬಿಡಿಯಾಗಿ ಕುಣಿದವರಿಗಿಂತ ಹೆಚ್ಚು ನೋವು ತಾಳುತ್ತಾರೆ. 2015ರಲ್ಲಿ ಬ್ರೆಜಿಲ್‌ನ ಶಾಲಾ ಮಕ್ಕಳನ್ನು ಕುಣಿಸಿ ಕಂಡುಕೊಂಡದ್ದು. ಮನೆಯಲ್ಲಿ ಮಂಡಿ ಹಿಡಿದು ಕೂರುವ ಅತ್ತೆ ಮೇಳದಲ್ಲಿ ಒಂದು ತಾಸು ಹೇಗೆ ಕುಣಿದರು ಎಂದು ಸೊಸೆಯಂದಿರು ಅನುಮಾನಪಡಬೇಕಾಗಿಲ್ಲ.

ಜುಂಬಾ ಹುಟ್ಟಿದ್ದು ಒಂದು ಮರೆವಿನಿಂದ. ಕೊಲಂಬಿಯಾದ ಬೆಟೊ ಪೆರೆಜ್ ಏರೋಬಿಕ್ಸ್ ತರಗತಿಗೆ ಮಾಮೂಲಿ ಕ್ಯಾಸೆಟ್ ತರಲು ಮರೆತು, ಕೈಗೆ ಸಿಕ್ಕ ತನ್ನ ನಾಡಿನ ಸಾಲ್ಸಾ ಹಾಡುಗಳನ್ನೇ ಹಾಕಿ ಕುಣಿಸಿದರಂತೆ. ಹಿರಿಯರಿಗೆಂದು ನೆಗೆತವಿಲ್ಲದ ‘ಜುಂಬಾ ಗೋಲ್ಡ್’ ಬೇರೆ ಇದೆ. ತನ್ನೂರ ಹಾಡನ್ನು ಹಾಕಿದ್ದಕ್ಕೆ ಆತ ಜಗತ್ತನ್ನೇ ಕುಣಿಸಿದ. ನಮ್ಮ ಕೋಲಾಟದ ಪದಗಳು ಇನ್ನೂ ಜಾತ್ರೆ ದಾಟಿಲ್ಲ.

ಚೀನಾದ ಊರೂರ ಚೌಕಗಳಲ್ಲಿ ಸಂಜೆಯಾದರೆ ನಡುವಯಸ್ಸಿನ, ಮುಪ್ಪಿನ ಹೆಂಗಸರು ಸಾಲಾಗಿ ನಿಂತು ಕುಣಿಯುತ್ತಾರೆ. ಧ್ವನಿವರ್ಧಕದ ಗಲಾಟೆಗೆ ಅಕ್ಕಪಕ್ಕದವರ ಜಗಳ ಎಷ್ಟಾಯಿತೆಂದರೆ, 2015ರಲ್ಲಿ ಸರ್ಕಾರವೇ 12 ಮಾದರಿ ಕುಣಿತಗಳನ್ನು ಗೊತ್ತುಮಾಡಿತು. ಹೆಂಗಸರು ಕೇಳಿದರೆಂದು ಹೇಳಲಾಗದು.

ಪಾರ್ಕಿನ್‌ಸನ್ ಕಾಯಿಲೆಯಿಂದ ಕಾಲು ನೆಲಕ್ಕೆ ಅಂಟಿಕೊಂಡವರು ತಾಳ ಕೇಳಿದರೆ ಹೆಜ್ಜೆ ಎತ್ತುವುದುಂಟು. ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಮಾರ್ಕ್ ಮಾರಿಸ್ ನೃತ್ಯ ತಂಡ 2001ರಿಂದ ಇಂಥವರಿಗೆಂದೇ ತರಗತಿ ನಡೆಸುತ್ತಿದೆ.

ಯಕ್ಷಗಾನದ ಚಿಟ್ಟಾಣಿ ರಾಮಚಂದ್ರ ಹೆಗಡೆ ಹುಟ್ಟಿದ್ದು 1933ರಲ್ಲಿ, ಪದ್ಮಶ್ರೀ ಬಂದದ್ದು 2012ರಲ್ಲಿ. ಎಂಬತ್ತರ ಆಸುಪಾಸಿನಲ್ಲೂ ಗೆಜ್ಜೆ ಕಟ್ಟಿದವರು. ಅವರನ್ನು ತೋರಿಸಿ ಅಜ್ಜನನ್ನು ಹುರಿದುಂಬಿಸಬೇಡಿ, ಅದು ಬಾಲ್ಯದಿಂದ ಪಳಗಿದ ಮೈ. ತೂಕ ಇದ್ದವರು ಕುಣಿದರೆ ನೋಡಲು ಚೆನ್ನಾಗಿರುವುದಿಲ್ಲ ಎನ್ನುವವರನ್ನು ಹಳೇಬೀಡಿಗೆ ಕರೆದೊಯ್ಯಿರಿ. ಅಲ್ಲಿ ಹೊಯ್ಸಳ ಶಿಲ್ಪಿ ಕಡೆದ ನಾಟ್ಯಗಣಪತಿಯ ಹೊಟ್ಟೆ 90 ಸೆಂ.ಮೀ. ಎಂದೋ ದಾಟಿದೆ, ಎತ್ತಿದ ಹೆಜ್ಜೆ ಅಳುಕಿಲ್ಲದ್ದು.

ನಿಲ್ಲಲು ಆಗದವರು ಕೂತೇ ಕೋಲಾಟ ಆಡಬಹುದು. ಎದುರುಬದುರು ಎರಡು ಕುರ್ಚಿ, ಹಿಮ್ಮಡಿ ಎತ್ತಿಳಿಸುತ್ತ ತಾಳ, ಕೈಯಲ್ಲಿ ಕೋಲು. ಪ್ಲಾಸ್ಟಿಕ್ ಕುರ್ಚಿ ಬೇಡ, ಸಿಮೆಂಟು ನೆಲದ ಮೇಲೆ ಹಿಂದಕ್ಕೆ ಜಾರುತ್ತದೆ. ಮರದ್ದಾದರೆ ಗೋಡೆಗೆ ಒತ್ತರಿಸಿಡಿ.

ಅದೇ ಕುರ್ಚಿಯಲ್ಲಿ ಇನ್ನೊಂದು ಪರೀಕ್ಷೆ. ಎರಡೂ ಕೈ ಎದೆಯ ಮೇಲೆ ಅಡ್ಡ ಕಟ್ಟಿ, ಕೈ ಊರದೆ, 30 ಸೆಕೆಂಡಿನಲ್ಲಿ ಎಷ್ಟು ಸಲ ಪೂರ್ತಿ ಎದ್ದು ಕೂರುತ್ತೀರಿ ಎಂದು ಮೊಮ್ಮಗನಿಂದ ಎಣಿಕೆ ಮಾಡಿಸಿ. 60ರಿಂದ 64ರ ಹೆಂಗಸರಿಗೆ 12, ಗಂಡಸರಿಗೆ 14. 65ರಿಂದ 69ಕ್ಕೆ 11 ಮತ್ತು 12. 70ರಿಂದ 74ಕ್ಕೆ 10 ಮತ್ತು 12. ಇದಕ್ಕಿಂತ ಕಡಿಮೆಯಾದರೆ ಬೀಳುವ ಅಪಾಯ ಹೆಚ್ಚು ಎನ್ನುತ್ತದೆ ಅಮೆರಿಕದ ರೋಗ ನಿಯಂತ್ರಣ ಕೇಂದ್ರ. ಇವತ್ತಿನ ಸಂಖ್ಯೆಯನ್ನು ಕ್ಯಾಲೆಂಡರಿನ ಮೇಲೆ ಬರೆದಿಡಿ, ಮೂರು ತಿಂಗಳು ಕುಣಿದು ಮತ್ತೆ ಎಣಿಸಿ. ಕೈ ಊರದೆ ಒಂದು ಸಲವೂ ಏಳಲಾಗದಿದ್ದರೆ ಅಂಕ ಸೊನ್ನೆ. ಅಂಥವರು ಕೂತ ಕೋಲಾಟದಿಂದ ಶುರು ಮಾಡಲಿ, ಅದಕ್ಕೂ ಮೊದಲು ವೈದ್ಯರಿಗೆ ಒಮ್ಮೆ ತೋರಿಸಿ ಬರಲಿ.